ಮೇಲಿನ ಮನೆಯ ಕಂಬಳಿ

ಮೀನೆಣ್ಣೆಯ ವಾಸನೆ. ಗುಳಿಗೆಯ ಬಾಟಲಿ ತೆರೆದಾಗಲೆಲ್ಲ ಅವಳು ಚಿಕ್ಕಂದಿನಂತೆಯೇ ಮುಖ ತಿರುಗಿಸುತ್ತಿದ್ದಳು. ಆಗ ಅಮ್ಮ ಮೊದಲು ತಾನೊಂದು ಚಮಚ ಕುಡಿದು, "ನೋಡು, ನಾನೇನು ಸತ್ತೋದ್ನಾ?" ಎಂದು ಕೇಳಿ, ಆಮೇಲೆ ಮಗಳ ಮೂಗು ಹಿಡಿದು ಸುರಿಯುತ್ತಿದ್ದಳು.

ಈಗ ಗಂಡನೂ ಅದೇ ಹಟ ಹಿಡಿದಿದ್ದ.

"ಮೊದಲು ನೀನು ನುಂಗು. ಆಮೇಲೆ ನಾನು."

"ಅರವತ್ತು ದಾಟಿದ ಕೂಸು! ನಿಮ್ಮನ್ನ ತೊಟ್ಟಿಲಲ್ಲಿ ಹಾಕಿ ತೂಗಬೇಕು."

ಸಿಡುಕುತ್ತಲೇ ಒಂದು ನುಂಗಿದಳು. ಇನ್ನೊಂದನ್ನು ಅವನ ಅಂಗೈಗೆ ಹಾಕಿದಳು. "ಏ ಇವಳೇ, ಹಾಲು ಉಕ್ತಿದೆ ನೋಡು," ಎಂದ. ಓಡಿದಳು. ಹಾಲು ಇನ್ನೂ ಬಿಸಿಯೇ ಆಗಿರಲಿಲ್ಲ. ಬರುವಷ್ಟರಲ್ಲಿ ಅಂಗೈ ಖಾಲಿ. ಸದ್ಯ, ನುಂಗಿದನಲ್ಲ! ಇಬ್ಬರೂ ತಿನ್ನುತ್ತಿದ್ದರೂ ಬಾಟಲಿ ಮಾತ್ರ ಬೇಗ ತಳ ಕಾಣುತ್ತಿರಲಿಲ್ಲ. ಕಂಪನಿಯವರು ಧಾರಾಳಿಗಳು ಎಂದುಕೊಂಡಳು.

ಹೋದ ಚಳಿಗಾಲ ಅವನ ಶ್ವಾಸಕೋಶಕ್ಕೆ ಸೋಂಕು ತಗಲಿ, ಆಸ್ಪತ್ರೆಯ ಮಂಚದ ಕಾಲಬುಡದಲ್ಲಿ ಅವಳು ಕೂತೇ ರಾತ್ರಿಗಳನ್ನು ಕಳೆದಿದ್ದಳು. ಇನ್ನೊಂದು ಚಳಿಗಾಲಕ್ಕೆ ಅವನು ತಡೆದಾನೆಯೇ ಎಂಬ ಭಯ ಎದೆಯಲ್ಲಿ ಕೂತುಬಿಟ್ಟಿತ್ತು. ಮಳೆಗಾಲ ಮುಗಿಯುತ್ತಲೇ ಅವನನ್ನು ಎಳೆದುಕೊಂಡು ಡಾಕ್ಟರ ಹತ್ತಿರ ಹೋದಳು. ನರ್ಸಮ್ಮ ಅವನ ರಕ್ತ ತೆಗೆದಳು. "ಅಮ್ಮಾ, ಮುಖ ಬಿಳಿಚಿಕೊಂಡಿದೆ, ನೀವೂ ಕೈ ಕೊಡಿ," ಎಂದು ಅವಳಿಗೂ ಸೂಜಿ ಚುಚ್ಚಿದಳು. ಮರುವಾರ ಡಾಕ್ಟರು ಹೇಳಿದ್ದು ಇಷ್ಟು: "ರೋಗ ತಡೆಯೋ ಶಕ್ತಿ ಕುಗ್ಗಿದೆ. ದಿನಾ ಎಳೆಬಿಸಿಲಿಗೆ ಮೈ ಒಡ್ಡಬೇಕು. ಊಟ ಹೊತ್ತುಹೊತ್ತಿಗೆ ಆಗಬೇಕು. ಈ ಗುಳಿಗೆ ತಪ್ಪಿಸಬೇಡಿ."

ಡಾಕ್ಟರು ನೋಡುತ್ತಿದ್ದುದು ಅವಳನ್ನೇ. ಅದರಲ್ಲೇನಿದೆ? ಗಂಡನ ಪಥ್ಯವನ್ನು ಯಾವ ಡಾಕ್ಟರಾದರೂ ಹೆಂಡತಿಗಲ್ಲದೆ ಇನ್ಯಾರಿಗೆ ಹೇಳುತ್ತಾರೆ?

ಬಸ್ಸಿನಲ್ಲಿ ಅವನು ಬಾಯಿ ತೆರೆದ. "ಡಾಕ್ಟರು ಹೇಳಿದ್ದು..."

"ಕೇಳಿಸ್ತು. ನಾನೇನು ಕಿವುಡಿಯಾ?"

"ಅದಲ್ಲ ಕಣೇ..."

"ಸುಮ್ನೆ ಕೂತ್ಕೊಳ್ಳಿ. ಮಾತಾಡಿದ್ರೆ ಕೆಮ್ಮು ಬರುತ್ತೆ," ಎಂದಳು. ಕೆಮ್ಮು ಬಂದದ್ದು ಅವಳಿಗೆ.

ಮನೆಯ ಬಾಲ್ಕನಿಗೆ ಬೆಳಗಿನ ಬಿಸಿಲು ಧಾರಾಳವಾಗಿ ಬೀಳುತ್ತಿತ್ತು. ಅಲ್ಲಿ ಅವನಿಗೊಂದು ಕುರ್ಚಿ ಹಾಕಿದಳು. ಅವನನ್ನು ಬಿಸಿಲಿಗೆ ಕೂರಿಸಿ ತಾನು ಒಳಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಅಚ್ಚಿನ ಕರಡು ತಿದ್ದಬಹುದು ಎಂಬ ಲೆಕ್ಕಾಚಾರ. ಪ್ರೆಸ್ಸಿನವರು ಕಳಿಸಿದ ಕಟ್ಟು ಮೇಜಿನ ಮೇಲೆ ಬೆಳೆಯುತ್ತಲೇ ಇತ್ತು.

ಎರಡೇ ದಿನ. ಮೂರನೆಯ ಬೆಳಗ್ಗೆ ಮೇಲಿನ ಮನೆಯ ಟೈಲರಮ್ಮ ತನ್ನ ಬಾಲ್ಕನಿಯ ಕಟಕಟೆಯಿಂದ ದಪ್ಪ ಕಂಬಳಿಯೊಂದನ್ನು ಇಳಿಬಿಟ್ಟಳು. ಕೆಳಗಿನ ಬಾಲ್ಕನಿ ಗವಿಯಾಯಿತು. ಮರುದಿನವೂ ಅದೇ ಕಂಬಳಿ. ಅದರ ಮರುದಿನವೂ. ಅದರಿಂದ ಒಂದು ತೊಟ್ಟು ನೀರೂ ಸೋರುತ್ತಿರಲಿಲ್ಲ. ಒಣಗಿದ ಕಂಬಳಿಯನ್ನು ದಿನಾ ಒಣಗಿಸುವುದೆಂದರೆ ಅದೆಂಥ ಜಂಬ!

"ಹೋಗಿ ಕೇಳ್ತೀನಿ ಅವಳನ್ನ."

"ಬೇಡ ಬಿಡು, ನೆರೆಹೊರೆ. ಅಂಗಳಕ್ಕೇ ಹೋಗೋಣ," ಎನ್ನುತ್ತಿದ್ದ ಗಂಡ. ಒಬ್ಬನೇ ಹೋಗಲು ಮಾತ್ರ ಒಪ್ಪ. "ಮೆಟ್ಟಿಲ ಮೇಲೆ ಬಿದ್ರೆ?" ಜೀವಮಾನವಿಡೀ ಘಟ್ಟದ ತಿರುವುಗಳಲ್ಲಿ ಬಸ್ಸು ಓಡಿಸಿದವನು! ಕಿಟಕಿ ಕಡೆಯ ತೋಳು ಇನ್ನೂ ಇನ್ನೊಂದಕ್ಕಿಂತ ಕಪ್ಪಗಿತ್ತು.

ಅಂಗಳದಲ್ಲಿ ಇನ್ನೊಂದು ರಗಳೆ. ಅವನು ಕುರ್ಚಿಯನ್ನು ನೇರ ಮರದ ಕೆಳಗೆ ಎಳೆದುಕೊಳ್ಳುತ್ತಿದ್ದ. "ಬಿಸಿಲು ಕಣ್ಣಿಗೆ ಚುಚ್ಚುತ್ತೆ." ಅವಳಿಗೆ ಉಳಿಯುತ್ತಿದ್ದುದು ಬಯಲಿನ ಕಲ್ಲುಬೆಂಚು. ಕರಡಿನ ಕಟ್ಟು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂರಬೇಕು.

"ಆ ರವಿಕೆ ತೋಳು ಮೇಲಕ್ಕೆ ಮಡಚ್ಕೋಬಾರದಾ? ಸೆಖೆ."

"ನನ್ನ ತೋಳಿನ ಚಿಂತೆ ನಿಮಗ್ಯಾಕೆ? ನೀವು ಬಿಸಿಲಿಗೆ ಬನ್ನಿ!"

"ಬರ್ತೀನಿ, ಬರ್ತೀನಿ. ನೀನು ಮಡಚ್ಕೋ."

ಮಡಚಿಕೊಂಡಳು. ಅವನು ಬರಲಿಲ್ಲ. ಬಿಸಿಲು ಬೇಕಾದವನು ನೆರಳಲ್ಲಿ, ಬೇಡದವಳು ಬಿಸಿಲಲ್ಲಿ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು ಅವಳ ಪಾಡು. ಊರಿನವರ ಅಕ್ಷರದ ತಪ್ಪೆಲ್ಲ ಕಣ್ಣಿಗೆ ಬೀಳುವವಳಿಗೆ ಕಟ್ಟಿಕೊಂಡ ಗಂಡನನ್ನು ತಿದ್ದಲಾಗಲಿಲ್ಲ.

ಚಳಿಗಾಲ ಅರ್ಧ ಕಳೆಯಿತು. ಅವನು ಕೆಮ್ಮಲಿಲ್ಲ. ಪ್ರತಿ ವರ್ಷ ಈ ಹೊತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ಅವಳೂ ಈ ಸಲ ಒರೆಸಿಕೊಳ್ಳಲಿಲ್ಲ. ಆದರೆ ಅದೂ ಒಂದು ಸುದ್ದಿಯೇ?

ಇವತ್ತು ಮೈ ಕೊರೆಯುವ ಗಾಳಿ. ಅಂಗಳಕ್ಕೆ ಇಳಿಯುವಂತಿರಲಿಲ್ಲ. ಬಾಲ್ಕನಿಯಲ್ಲಾದರೂ ಕೂರಿಸೋಣವೆಂದರೆ ಮೇಲೆ ಅದೇ ಕಂಬಳಿ. ಗಂಡ ಸ್ನಾನಕ್ಕೆ ಹೋದದ್ದೇ ತಡ, ಅವಳು ಮೆಟ್ಟಿಲೇರಿ ಬಾಗಿಲು ಬಡಿದಳು.

ಟೈಲರಮ್ಮ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದಳು.

"ನೋಡಮ್ಮಾ, ನಿನಗೂ ನನಗೂ ಏನು ಹಗೆ? ಆ ಕಂಬಳಿ ಯಾವತ್ತಾದ್ರೂ ನೀರು ಕಂಡಿದೆಯಾ?"

"ಇಲ್ಲ ಅಕ್ಕಾ."

"ಮತ್ಯಾಕೆ ದಿನಾ ಹಾಕ್ತೀಯಾ?"

ಟೈಲರಮ್ಮ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಅಣ್ಣನೇ ಹೇಳಿದ್ದು. ಬಾಲ್ಕನೀಲಿ ಬಿಸಿಲಿದ್ರೆ ನೀವು ಅವರನ್ನ ಕೂರಿಸಿ ಒಳಗೆ ಹೋಗಿಬಿಡ್ತೀರಂತೆ."

"ಹೋದ್ರೆ ಏನೀಗ? ಬಿಸಿಲು ಬೇಕಾಗಿರೋದು ಅವರಿಗಲ್ವಾ?"

ಟೈಲರಮ್ಮ ಒಳಗೆ ಹೋದಳು. ಬಟ್ಟೆಯಲ್ಲಿ ಸುತ್ತಿದ, ಇನ್ನೂ ಬಿಸಿ ಆರದ ಊಟದ ಡಬ್ಬಿ ತಂದು, ರವಿಕೆಯ ತೋಳು ಮಡಚಿದ್ದ ಅವಳ ಎರಡೂ ಕೈಗಳಲ್ಲಿ ಮೆಲ್ಲಗೆ ಇಟ್ಟಳು.

"ಹೊತ್ತಿಗೆ ಸರಿಯಾಗಿ ಉಣ್ಣಿ. ಅಣ್ಣನ ರಕ್ತ ಚೆನ್ನಾಗೇ ಇತ್ತಂತೆ. ಡಾಕ್ಟರು ಅವತ್ತು ಹೇಳಿದ್ದೆಲ್ಲ ನಿಮಗಂತೆ ಅಕ್ಕಾ."