ಹೊಸ ಚೌಕದ ಜನಸಂದಣಿ

ಹಳೇ ಬಜಾರು ಕೆಡವಿ ಕಟ್ಟಿದ ಹೊಸ ಚೌಕಕ್ಕೆ ಜನ ಬರಲಿಲ್ಲವೆಂದು ನಗರಸಭೆಯವರು ಯಂತ್ರದಿಂದ ಮೂಡಿಸುವ ಬೆಳಕಿನ ಜನರನ್ನು ತಂದುಬಿಟ್ಟಿದ್ದರು. ಸಂಜೆಯಾಯಿತೆಂದರೆ ಕಾರಂಜಿಯ ಸುತ್ತ ಕಾಲಿಡಲು ಜಾಗವಿರುತ್ತಿರಲಿಲ್ಲ. ಬೆಳಕಿನ ಗಂಡಸರು ಬೆಳಕಿನ ಐಸ್‌ಕ್ರೀಂ ತಿನ್ನುತ್ತಿದ್ದರು. ಬೆಳಕಿನ ಮಕ್ಕಳು ಓಡಿ ಬೀಳುತ್ತಿದ್ದರು, ಅಳುತ್ತಿರಲಿಲ್ಲ. ಅವರ ಗದ್ದಲವೆಲ್ಲ ಕಂಬದ ಸ್ಪೀಕರುಗಳಿಂದ ಬರುತ್ತಿತ್ತು. ನೋಡಲು ನಮ್ಮ ಹಾಗೆಯೇ. ಮುಟ್ಟಿದರೆ ಮಾತ್ರ ಕೈ ಆಚೆ ಹೋಗುತ್ತಿತ್ತು.

ಇದೇ ಜಾಗದಲ್ಲಿ ಬಳೆ ಅಂಗಡಿ ಇಟ್ಟಿದ್ದ ಕಸ್ತೂರೆವ್ವ ದಿನಾ ಸಂಜೆ ಬರುತ್ತಿದ್ದಳು. ಅಂಗಡಿ ಹೋದ ಮೇಲೆ ಅವಳು ಯಾರ ಕೈಯನ್ನೂ ಹಿಡಿದಿರಲಿಲ್ಲ. ಆಗೆಲ್ಲ ನೂಕಿಸಿಕೊಳ್ಳದೆ, ಕಾಲು ತುಳಿಸಿಕೊಳ್ಳದೆ ಈ ಬಜಾರು ದಾಟುವಂತಿರಲಿಲ್ಲ. ಎಷ್ಟು ಮಂದಿಯನ್ನು ಬೈದಿದ್ದಳೋ! ಈಗ ಮೊಣಕೈಯನ್ನು ತುಸು ಹೊರಗೆ ಚಾಚಿ ನಡೆಯುತ್ತಿದ್ದಳು. ಅದು ಎಲ್ಲರೊಳಗೂ ಹಾದುಹೋಗುತ್ತಿತ್ತು.

"ಯವ್ವಾ, ಬದಿಗೆ ದಾರಿ ಖಾಲಿ ಐತಿ, ಅಲ್ಲಿಂದ ಹೋಗ್ರಿ!" ಕಾವಲುಗಾರ ಗಾಜಿನ ಗೂಡಿನೊಳಗಿಂದ ಮೈಕಿನಲ್ಲಿ ಕೂಗಿದ.

"ಇರ್ಲಿ ಬಿಡಪಾ, ಗದ್ಲದಾಗ ಹೋಗಿ ರೂಢಿ ಐತಿ," ಎಂದಳು ಕಸ್ತೂರೆವ್ವ. ಅವನಿಗೆ ಕೇಳಿಸಿರಲಾರದು.

ಕಾರಂಜಿ ದಾಟುವಾಗ ಮೊಣಕೈ ಯಾರಿಗೋ ಜೋರಾಗಿ ಬಡಿಯಿತು. ಇಬ್ಬರ ಬಳೆಗಳೂ ಘಲ್ಲೆಂದವು. ನೋಡಿದರೆ ಹಸಿರು ಸೀರೆಯ, ತನ್ನದೇ ವಯಸ್ಸಿನ ಹೆಂಗಸು.

"ಅಯ್ಯ, ಬಡೀತೇನ್ರಿ? ತಪ್ಪಾತ್ರಿ."

"ಬಡೀತ್ರಿ," ಎಂದಳು ಆಕೆ. "ಛಲೋ ಬಡೀತು."

ಆಕೆ ಪಕ್ಕೆ ಉಜ್ಜಿಕೊಳ್ಳಲಿಲ್ಲ, ಹಿಂದೆಯೂ ಸರಿಯಲಿಲ್ಲ. ಆಗ ಕಸ್ತೂರೆವ್ವನಿಗೆ ಕಂಡಿತು: ಆಕೆಯ ಮೊಣಕೈಯೂ ಹೊರಗೆ ಚಾಚಿಕೊಂಡಿತ್ತು.