ತೊಟ್ಟಿಲಿಗೆ ಜಾಗ

ಆಯುಧಪೂಜೆಯ ಬೆಳಿಗ್ಗೆ ನಮ್ಮ ಮನೆಯ ಹನ್ನೊಂದು ಅಣುಬಾಂಬುಗಳಿಗೂ ಕುಂಕುಮ ಹಚ್ಚಿ ಮುಗಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಎದುರುಮನೆಯ ಪಂಕಜಮ್ಮನವರದು ಒಂದೇ ಬಾಂಬು. ಅವರು ಆಗಲೇ ಪೂಜೆ ಮುಗಿಸಿ ನನ್ನ ಮೊಮ್ಮಗಳ ತೊಟ್ಟಿಲು ತೂಗುತ್ತಿದ್ದರು. ನಮ್ಮಲ್ಲಿ ಕಾಲಿಡಲೂ ಜಾಗವಿಲ್ಲದೆ ಮಗಳ ಬಾಣಂತನ ಅವರ ಮನೆಯಲ್ಲೇ ನಡೆದಿತ್ತು.

ನನಗೆ ಹೊಟ್ಟೆ ಉರಿಯಿತು. ಅವರ ಹೊಸಿಲಲ್ಲಿ ನಿಂತು ಕೇಳಿದೆ, “ಒಂದೇ ಒಂದು ಇಟ್ಕೊಂಡು ಹೇಗ್ರೀ ನಿದ್ದೆ ಬರುತ್ತೆ ನಿಮಗೆ?”

“ಆ ಒಂದಕ್ಕೆ ನೀವು ಹೆದರಲ್ವಾ?”

“ಹೆದರದೆ ಇರ್ತೀವಾ!”

“ಮತ್ತೆ ಸಾಕಲ್ರೀ. ಎರಡನೇ ಸಲ ಸಾಯೋಕೆ ಯಾರಿರ್ತಾರೆ?”

ಅಷ್ಟರಲ್ಲಿ ಮಗುವಿಗೆ ಎಚ್ಚರವಾಯಿತು. ನಾನೇ ಮುಂದಾಗಿ ಎತ್ತಿಕೊಂಡೆ. ಅಳು ಜೋರಾಯಿತು.

“ಅವರ ಕೈಗೇ ಕೊಡಮ್ಮ,” ಎಂದಳು ಮಗಳು, “ಮಗೂಗೆ ನಿನ್ನ ಕೈ ಇನ್ನೂ ಗೊತ್ತಿಲ್ಲ.”

ಕೊಟ್ಟೆ. ಅಳು ನಿಂತಿತು.