ಮುಟ್ಟದ ತಾಳಿ

ಪರಂಗಿಯವರ ಬಂದರಿನಿಂದ ಹೊಳೆ ದಾಟಿ ಬರುವ ಹೆಂಗಸರನ್ನು ಸುಂಕದ ಕಟ್ಟೆಯಲ್ಲಿ ಎಷ್ಟೇ ತಡಕಿದರೂ ಕೊರಳ ತಾಳಿಯನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅದಕ್ಕೇ ಬಂದರಿನ ಸಾಹುಕಾರ ತನ್ನ ಕಳ್ಳ ಚಿನ್ನವನ್ನು ಶೇವಂತಿಯ ತಾಳಿಸರಕ್ಕೆ ಪೋಣಿಸಿ ಕಳಿಸುತ್ತಿದ್ದ. ಅವಳ ಗಂಡ ಅವನದೇ ಹಡಗಿನ ಆಳು. "ಇದೊಂದು ಸಲ ದಾಟಿಸು, ಚೌತಿಗೆ ಅವನನ್ನ ಮನೆಗೆ ಕಳಿಸ್ತೇನೆ" ಎಂದು ಸಾಹುಕಾರ ಪ್ರತಿ ಸಲವೂ ಹೇಳುತ್ತಿದ್ದ.

ಕಳ್ಳಸಾಗಣೆ ತಡೆಯಲು ಎರಡೂ ಸರಕಾರಗಳು ಕೈಜೋಡಿಸಿದ್ದರಿಂದ ಅಂದು ಈಚೆಯ ಜಮಾದಾರನ ಪಕ್ಕದಲ್ಲಿ ಆಚೆಯ ಬಂದರಿನ ಸಿಪಾಯಿಯೊಬ್ಬ ಕೂತಿದ್ದ. ಶೇವಂತಿ ಕಟ್ಟೆಯ ಮುಂದೆ ಬಂದು ನಿಂತಳು.

"ಏನೇ, ಬಂದಾಗೆಲ್ಲ ನಿನ್ನ ತಾಳಿ ದಪ್ಪ ಆಗ್ತದಲ್ಲ!" ಜಮಾದಾರ ನಕ್ಕ.

"ಗಂಡ ದುಡಿತಾರೆ, ಮಾಡಿಸಿ ಹಾಕ್ತಾರೆ. ನಿಮಗ್ಯಾಕೆ ಹೊಟ್ಟೆಕಿಚ್ಚು?"

"ಯಾರು ನಿನ್ನ ಗಂಡ?" ಸಿಪಾಯಿ ಕೇಳಿದ.

ಗಂಡನ ಹೆಸರೆತ್ತುವ ರೂಢಿ ಅವಳಿಗಿರಲಿಲ್ಲ. ಆದರೆ ತಾಳಿಯ ಮೇಲೆ ನೆಟ್ಟ ಸಿಪಾಯಿಯ ಕಣ್ಣು ಕಂಡು ಮೆಲ್ಲಗೆ ಉಸುರಿದಳು.

"ವಿಠೋಬ... ಸಾಹುಕಾರರ ಹಡಗಿನವರು."

ಸಿಪಾಯಿ ತಲೆಯ ಟೊಪ್ಪಿ ತೆಗೆದ.

"ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ನಿಮ್ಮ ಸಾಹುಕಾರ ಅಂದ. ಹೋದ ಶ್ರಾವಣದಲ್ಲಿ ಅವನ ಚಿತೆಗೆ ಬೆಂಕಿ ಇಟ್ಟವನು ನಾನೇ, ತಾಯಿ."